ಟಾರ್ಗೆಟ್ ರಿವಾಲ್ವರ್‌ಗೆ ಯಾವ .22 ಗುಂಡು? ಮೈಸೂರು, ಮಂಡ್ಯದ ಶೂಟರ್‌ಗಳಿಗೆ ಒಂದು ಹೋಲಿಕೆ

".22 ರಿವಾಲ್ವರ್‌ಗೆ ಎಲ್ಲಕ್ಕಿಂತ ನಿಖರವಾದ ಗುಂಡು ಯಾವುದು?" ಅಂತ ಅಂಗಡಿಯಲ್ಲಿ ಕೇಳಿದರೆ ಅಲ್ಲಿರುವುದರಲ್ಲಿ ತುಟ್ಟಿಯಾದ ಡಬ್ಬಿ ಮುಂದೆ ಬರುತ್ತದೆ. ರೇಂಜಿನಲ್ಲಿ ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಹೆಚ್ಚಿನವರು ಹೊಡೆಯುವುದು ರೈಫಲ್ ಇಲ್ಲವೇ ಸೆಮಿ ಆಟೊಮ್ಯಾಟಿಕ್ ಪಿಸ್ತೂಲು. ಅವರ ಅನುಭವ ಅವರ ಬಂದೂಕಿಗೆ ಸರಿ. ರಿವಾಲ್ವರ್ ಬೇರೆಯೇ ಜಾತಿ. ಅಪ್ಪನ ಕಾಲದ ಲೈಸೆನ್ಸಿನಲ್ಲಿ ಬಂದ ರಿವಾಲ್ವರ್ ಇರಬಹುದು, ಆಸೆಪಟ್ಟು ಕೊಂಡದ್ದಿರಬಹುದು, ನಮ್ಮ ಕಡೆ ಅದನ್ನು ಹಿಡಿದು 25 ಮೀಟರಿನಲ್ಲಿ ನಿಲ್ಲುವವರು ಕಡಿಮೆ. ಅವರಿಗಾಗಿಯೇ ಇದನ್ನು ಬರೆದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರಿವಾಲ್ವರ್‌ಗೆ ಗುಂಡು ಆರಿಸುವುದು ಅಂದರೆ ಬ್ರ್ಯಾಂಡ್ ಆರಿಸುವುದಲ್ಲ. ನಿಮ್ಮ ಸಿಲಿಂಡರಿನ ಪ್ರತಿ ಚೇಂಬರಿಗೂ (ಗುಂಡು ಕೂರುವ ಮನೆಗೂ) ಒಪ್ಪುವ, ಪ್ರತಿ ಸಲವೂ ಹೊತ್ತಿಕೊಳ್ಳುವ ಒಂದು ಲಾಟ್ (ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಗುಂಡುಗಳ ಗುಂಪು) ಹುಡುಕಿ ಅದನ್ನೇ ತುಂಬಿಟ್ಟುಕೊಳ್ಳುವುದು. ಅತಿ ತುಟ್ಟಿ ಡಬ್ಬಿಯ ಅಗತ್ಯ ಬಹಳ ಜನಕ್ಕೆ ಇಲ್ಲ.

ರಿವಾಲ್ವರ್ ಯಾಕೆ ಬೇರೆ

ರೈಫಲಿನಲ್ಲಿ ಒಂದು ಚೇಂಬರ್, ಒಂದು ಬ್ಯಾರಲ್. ಮ್ಯಾಚ್ ರೈಫಲಿನ, ಅಂದರೆ ಸ್ಪರ್ಧೆಯ ರೈಫಲಿನ, ಚೇಂಬರ್ ಬಹಳ ಬಿಗಿ. ಕಾರ್ಟ್ರಿಜ್ ಒಳಗೆ ಹೋದಾಗಲೇ ಸೀಸದ ತುದಿ ಬ್ಯಾರಲಿನ ಸುರುಳಿ ಗೆರೆಗಳಿಗೆ ತಾಗಿ ಕೂತಿರುತ್ತದೆ. ಹೊರಡುವಾಗಲೇ ಗುಂಡು ನೇರ. ತುಟ್ಟಿ ಮ್ಯಾಚ್ ಗುಂಡುಗಳಿಂದ ಪೂರ್ತಿ ಲಾಭ ಸಿಗುವುದು ಇಂಥ ಕಡೆ.

ರಿವಾಲ್ವರ್‌ನಲ್ಲಿ ಹಾಗಾಗುವುದಿಲ್ಲ. ಗುಂಡು ಸಿಲಿಂಡರಿನ ಚೇಂಬರಿನಲ್ಲಿ ಹೊರಟು, ಸಿಲಿಂಡರಿಗೂ ಬ್ಯಾರಲಿಗೂ ನಡುವಿನ ಸಂದನ್ನು ದಾಟಿ, ಬ್ಯಾರಲಿನ ಅಗಲ ಬಾಯಿಗೆ ಬಂದು, ಆಮೇಲೆ ಗೆರೆಗಳನ್ನು ಹಿಡಿಯುತ್ತದೆ. ಆ ಸಂದು ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಅಷ್ಟರಲ್ಲೇ ಒಂದಿಷ್ಟು ಗ್ಯಾಸ್ ಪಕ್ಕಕ್ಕೆ ಚಿಮ್ಮುತ್ತದೆ. ಜೊತೆಗೆ ಚೇಂಬರುಗಳು ಆರು, ಕೆಲವು ಮಾಡೆಲ್‌ಗಳಲ್ಲಿ ಹತ್ತು. ಒಂದೊಂದೂ ಬ್ಯಾರಲಿನ ನೇರಕ್ಕೆ ಕೂದಲೆಳೆ ವ್ಯತ್ಯಾಸವಿಲ್ಲದೆ ಬಂದು ನಿಲ್ಲಬೇಕು. ಒಂದು ಚೇಂಬರ್ ಸ್ವಲ್ಪ ವಾರೆಯಾದರೂ ಗುಂಡಿನ ಮೈ ಒಂದು ಪಕ್ಕ ಸವೆದು ಹೋಗುತ್ತದೆ. ನೀವು ಹೊಡೆಯುವುದು ಒಂದು ರಿವಾಲ್ವರ್ ಅಂದುಕೊಂಡರೂ, ಲೆಕ್ಕಕ್ಕೆ ಅದು ಒಂದೇ ಬ್ಯಾರಲ್ ಹಂಚಿಕೊಂಡ ಆರು ಪಿಸ್ತೂಲು.

ಇನ್ನೊಂದು ವಿಷಯ ವೇಗದ್ದು. ಮ್ಯಾಚ್ ಗುಂಡುಗಳ ವೇಗವನ್ನು ಶಬ್ದದ ವೇಗಕ್ಕಿಂತ ಕೆಳಗೆ ಇಟ್ಟಿರುತ್ತಾರೆ. ಡಬ್ಬಿಯ ಮೇಲೆ ಬರೆಯುವ ಸೆಕೆಂಡಿಗೆ 1,070 ಅಡಿ, ಅಂದರೆ ಸುಮಾರು 326 ಮೀಟರ್, ರೈಫಲ್ ಬ್ಯಾರಲಿನ ಲೆಕ್ಕ. 30 ಡಿಗ್ರಿ ಬಿಸಿಲಿನಲ್ಲಿ ಶಬ್ದದ ವೇಗ ಸುಮಾರು 349 ಮೀಟರ್. ಶಬ್ದದ ವೇಗ ದಾಟಿ ಹೊರಟ ಗುಂಡು ದಾರಿಯಲ್ಲಿ ಮತ್ತೆ ಅದಕ್ಕಿಂತ ಕೆಳಗಿಳಿಯುವಾಗ ಅಲುಗಾಡುತ್ತದೆ ಅನ್ನುವುದು ಇದರ ಹಿಂದಿನ ಯೋಚನೆ. ಆರು ಇಂಚಿನ ರಿವಾಲ್ವರ್ ಬ್ಯಾರಲಿನಲ್ಲಿ ಇದೇ ಗುಂಡು ಇನ್ನೂ ನಿಧಾನ. ಹೈ ವೆಲಾಸಿಟಿ ಗುಂಡು ಕೂಡ ರಿವಾಲ್ವರಿನಿಂದ ಬಹಳ ಸಲ ಶಬ್ದದ ವೇಗ ಮುಟ್ಟುವುದೇ ಇಲ್ಲ. ಹಾಗಾಗಿ ರೈಫಲಿನವರ ಈ ವಾದ 25 ಮೀಟರಿನ ರಿವಾಲ್ವರಿಗೆ ತರಬೇಡಿ. ಹೈ ವೆಲಾಸಿಟಿ ಬೇಡ ಅನ್ನಲು ಬೇರೆ ಕಾರಣಗಳಿವೆ, ಮುಂದೆ ಬರುತ್ತವೆ.

ಕೊಡಗಿನ ಕಡೆ ನೆಂಟರಿದ್ದರೆ ಕೋವಿ, ತೋಟೆಯ ಮಾತು ಮನೆಯಲ್ಲಿ ಕೇಳಿಯೇ ಇರುತ್ತೀರಿ. ಹನ್ನೆರಡು ಬೋರಿನ ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಖಾಲಿ ತೋಟೆಗೆ ಮತ್ತೆ ಮದ್ದು ತುಂಬಬಹುದು. .22ಕ್ಕೆ ಅದು ಆಗದು. ರಿಮ್‌ಫೈರ್ ಅಂದರೆ ಹೊತ್ತಿಸುವ ಮದ್ದು ಕೇಸಿನ ಅಂಚಿನ ಒಳಗೇ ಇರುತ್ತದೆ. ಕಾರ್ಖಾನೆಯಲ್ಲಿ ಒದ್ದೆಯಾಗಿ ಹಾಕಿ, ತಿರುಗಿಸಿ, ಅಂಚಿಗೆ ತುಂಬುತ್ತಾರೆ. ಫೈರಿಂಗ್ ಪಿನ್ ಅಂಚನ್ನು ಜಜ್ಜಿದ ಮೇಲೆ ಆ ಕೇಸ್ ಮುಗಿಯಿತು. 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ .22 ಲಾಂಗ್ ರೈಫಲ್ ಕಾರ್ಟ್ರಿಜ್ (ಹೆಸರಲ್ಲಿ ರೈಫಲ್ ಇದ್ದರೂ ನಮ್ಮ ರಿವಾಲ್ವರ್‌ಗೂ ಹಾಕುವುದು ಇದನ್ನೇ) ತಂದಾಗಿನಿಂದ ಇದೇ ಕಥೆ. ಹೊತ್ತಿಸುವ ಮದ್ದು ಕೇಸಿನ ಬುಡದ ನಡುವೆ ಇರುವ ಸೆಂಟರ್‌ಫೈರ್‌ನವರ ಹಾಗೆ ಮದ್ದು ತೂಗಿ, ಗುಂಡು ಬದಲಿಸಿ ನಮಗೆ ಬೇಕಾದಂತೆ ಮಾಡಿಕೊಳ್ಳುವ ದಾರಿ ಇಲ್ಲ. ಕಾರ್ಖಾನೆ ಕೊಟ್ಟದ್ದರಲ್ಲಿ ಆರಿಸಬೇಕು, ಅಷ್ಟೇ.

ನಿಮಗೆ ಎಷ್ಟು ನಿಖರತೆ ಬೇಕು?

ಈ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) 25 ಮೀಟರ್ ಪ್ರಿಸಿಷನ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಗಲ 50 ಮಿ.ಮೀ. ಅದರೊಳಗಿನ ಇನ್ನರ್ ಟೆನ್ 25 ಮಿ.ಮೀ. ರ‍್ಯಾಪಿಡ್ ಫೈರ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತವೇ 100 ಮಿ.ಮೀ.

ಈಗ ಲೆಕ್ಕ ನೋಡಿ. ಒಂದು ಕಡೆ ನಿಮ್ಮ ಕೈಯ ಅಲುಗಾಟ, ಇನ್ನೊಂದು ಕಡೆ ರಿವಾಲ್ವರ್ ಮತ್ತು ಗುಂಡು ಸೇರಿ ಮಾಡುವ ಚದುರು. ಎರಡನ್ನೂ ನೇರವಾಗಿ ಕೂಡುವ ಹಾಗಿಲ್ಲ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು. ನಿಮ್ಮ ಕೈ 25 ಮೀಟರಿನಲ್ಲಿ 100 ಮಿ.ಮೀ. ವೃತ್ತದಲ್ಲಿ ಅಲೆಯುತ್ತದೆ ಅಂದುಕೊಳ್ಳಿ. ಸಾಧಾರಣ ಗುಂಡು 40 ಮಿ.ಮೀ. ಗ್ರೂಪ್ (ತೂತುಗಳು ಹರಡಿದ ಅಗಲ) ಕೊಟ್ಟರೆ ಒಟ್ಟು ಸುಮಾರು 108. ತುಟ್ಟಿ ಗುಂಡು 25 ಮಿ.ಮೀ. ಕೊಟ್ಟರೆ ಒಟ್ಟು 103. ಐದು ಮಿ.ಮೀ.ಗೆ ಹಲವು ಪಟ್ಟು ದುಡ್ಡು! ಅದೇ, 40 ಮಿ.ಮೀ.ಯೊಳಗೆ ಕೈ ನಿಲ್ಲಿಸಬಲ್ಲ ಶೂಟರ್‌ಗೆ ಒಟ್ಟು 57ರಿಂದ 47ಕ್ಕೆ ಇಳಿಯುತ್ತದೆ. ಅವರಿಗೆ ಅದು ನಿಜವಾದ ಲಾಭ, ಹತ್ತರ ವೃತ್ತದ ಹೊರಗಿದ್ದದ್ದು ಒಳಗೆ ಬಂತು.

ಮಂಡ್ಯದ ಗೆಳೆಯರೊಬ್ಬರು ತುಟ್ಟಿ ಡಬ್ಬಿ ತಂದು ಮೊದಲ ದಿನ ಹೊಡೆದು ಹೇಳಿದ್ದು ಇದೇ: "ಅಲ್ಲ ಕಣಣ್ಣೋ, ಇಷ್ಟು ದುಡ್ಡು ಸುರುದ್ರೂ ಗುಂಡು ಎಂಟಕ್ಕೇ ಹೋಯ್ತದಲ್ಲ!" ಎಂಟಕ್ಕೆ ಹೋಗುತ್ತಿದ್ದದ್ದು ಟ್ರಿಗರ್ ಎಳೆತದಿಂದ. ಡಬ್ಬಿಗೆ ಅದು ಗೊತ್ತಿಲ್ಲ ಅಲ್ವಾ.

ವೇಗದ ಏರಿಳಿತದ ಬಗ್ಗೆಯೂ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಕ್ರೋನೊಗ್ರಾಫ್ ಇಟ್ಟು ಒಂದೊಂದು ಗುಂಡಿನ ವೇಗ ಬರೆದುಕೊಳ್ಳುವವರಿದ್ದಾರೆ. ಸೆಕೆಂಡಿಗೆ 290 ಮೀಟರ್ ವೇಗದ ಗುಂಡು 25 ಮೀಟರ್ ಹೋಗುವಷ್ಟರಲ್ಲಿ ಸುಮಾರು 36 ಮಿ.ಮೀ. ಕೆಳಗಿಳಿಯುತ್ತದೆ. 280 ಮೀಟರಿನದು ಸುಮಾರು 39 ಮಿ.ಮೀ. ವ್ಯತ್ಯಾಸ ಮೂರು ಮಿ.ಮೀ.ಗಿಂತ ಕಡಿಮೆ. ಅದರ ಮೇಲೆ ಕೈಬಂದೂಕಿನಲ್ಲಿ ಇನ್ನೊಂದು ತಮಾಷೆ ಇದೆ. ನಿಧಾನದ ಗುಂಡು ಬ್ಯಾರಲಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಮೂತಿ ಮೇಲೆದ್ದಿರುತ್ತದೆ. ಇಳಿತದ ಸ್ವಲ್ಪ ಭಾಗ ಅಲ್ಲೇ ಸರಿಹೋಗುತ್ತದೆ. 50 ಮೀಟರ್ ರೈಫಲಿನವರಿಗೆ ಕ್ರೋನೊಗ್ರಾಫ್ ಬೇಕು. ನಮಗೆ ಸುಮ್ನೆ ಖರ್ಚು. ಗಾಳಿಯೂ ಅಷ್ಟೇ. ಆಷಾಢದ ಗಾಳಿ 25 ಮೀಟರಿನಲ್ಲಿ ಗುಂಡನ್ನು ಸರಿಸುವುದು ಕೆಲವೇ ಮಿ.ಮೀ. ಆದರೆ ಚಾಚಿದ ಕೈಯನ್ನು ಚೆನ್ನಾಗಿ ಅಲುಗಾಡಿಸುತ್ತದೆ. ಗುಂಡು ಪರೀಕ್ಷೆ ಮಾಡಲು ಅಂಥ ದಿನ ಬೇಡ.

ಆಯ್ಕೆಗಳು

ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡುಗಳಿಂದ ಶುರು ಮಾಡೋಣ. 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಬರಿ ಸೀಸದ ಗುಂಡು, ಮೇಲೆ ಮೇಣದ ಲೇಪ. ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ, ಜರ್ಮನಿಯ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ ಈ ಸಾಲಿನವು. ಅಭ್ಯಾಸದ ಗುಂಡು ಅಂತ ಇವನ್ನು ಮೂಗು ಮುರಿದು ನೋಡುವವರಿದ್ದಾರೆ. ನನ್ನ ಮಟ್ಟಿಗೆ ರಿವಾಲ್ವರ್‌ನವರು ಅಳತೆಗೋಲಾಗಿ ಇಟ್ಟುಕೊಳ್ಳಬೇಕಾದದ್ದು ಇವನ್ನೇ. ಚೆನ್ನಾಗಿರುವ ರಿವಾಲ್ವರ್‌ಗೆ ಇವು ಹತ್ತರ ವೃತ್ತ ಹಿಡಿಯುವಷ್ಟು ನಿಖರ. ಖಾಲಿ ಕೇಸ್ ಸಲೀಸಾಗಿ ಹೊರಗೆ ಬರುತ್ತದೆ. ಬೇರೆ ಯಾವ ಗುಂಡು ತಂದರೂ "ಇದಕ್ಕಿಂತ ಎಷ್ಟು ಒಳ್ಳೇದು?" ಅಂತ ಇದರ ಪಕ್ಕ ಇಟ್ಟು ನೋಡಿ.

ಎರಡನೇ ಗುಂಪು ಪಿಸ್ತೂಲಿಗೆಂದೇ ಮಾಡಿದ ಮ್ಯಾಚ್ ಗುಂಡುಗಳು. ಎಸ್‌ಕೆ ಪಿಸ್ಟಲ್ ಮ್ಯಾಚ್, ಲಾಪುವಾ ಪಿಸ್ಟಲ್ ಕಿಂಗ್, ಈಲಿ ಪಿಸ್ಟಲ್ ಮ್ಯಾಚ್ ಇತ್ಯಾದಿ. ಇವುಗಳ ದೊಡ್ಡ ಹೆಚ್ಚುಗಾರಿಕೆ ಏನು? ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನ ಸ್ಲೈಡನ್ನು ತಪ್ಪದೆ ಹಿಂದೆ ತಳ್ಳುವುದು, ಮ್ಯಾಗಜೀನಿನಿಂದ ಸಿಕ್ಕಿಕೊಳ್ಳದೆ ಒಳಗೆ ಹೋಗುವುದು, ಕಡಿಮೆ ಒದೆತ. ಮೊದಲ ಎರಡು ರಿವಾಲ್ವರಿಗೆ ಬೇಕೇ ಇಲ್ಲ, ಸಿಲಿಂಡರ್ ತಿರುಗಿಸುವುದು ನಿಮ್ಮ ಬೆರಳು. ಆ ಗುಣಕ್ಕೆ ಕೊಡುವ ದುಡ್ಡು ನಮಗೆ ದಂಡ. ಆದರೂ ಈ ಗುಂಪನ್ನು ಬಿಡಬೇಡಿ. ತಯಾರಿಕೆಯಲ್ಲಿ ಒಂದು ಮಟ್ಟ ಮೇಲಿನ ಜಾಗ್ರತೆ ಇರುತ್ತದೆ, ಚಿಕ್ಕ ಬ್ಯಾರಲಿಗೆ ಹೊಂದುವ ಹಾಗೆ ಮಾಡಿರುತ್ತಾರೆ. ಸ್ಪರ್ಧೆಯ ದಿನಕ್ಕೆ ಗುಂಡು ಬೇಕಿದ್ದರೆ ನಾನು ಮೊದಲು ಹುಡುಕುವುದು ಇಲ್ಲೇ. 25 ಮೀಟರ್ ಸ್ಟ್ಯಾಂಡರ್ಡ್ ಪಿಸ್ಟಲ್ ಸ್ಪರ್ಧೆಯಲ್ಲಿ 10 ಸೆಕೆಂಡಿಗೆ ಐದು ಗುಂಡು ಹೊಡೆಯುವ ಸರಣಿ ಬಂದಾಗ ಕಡಿಮೆ ಒದೆತದ ಗುಂಡಿನ ಬೆಲೆ ಗೊತ್ತಾಗುತ್ತದೆ. ಪ್ರತಿ ಸಲ ಹ್ಯಾಮರ್ ಎಳೆದು ಮತ್ತೆ ಗುರಿ ಹಿಡಿಯುವವರಿಗೆ ಮೂತಿ ಬೇಗ ಕೆಳಗೆ ಬಂದಷ್ಟೂ ಒಳ್ಳೆಯದು.

ಮೂರನೆಯದು ಮೇಲಂತಸ್ತು: ಈಲಿ ಟೆನೆಕ್ಸ್, ಲಾಪುವಾದ ಎಕ್ಸ್-ಆಕ್ಟ್ ಮತ್ತು ಮೈಡಾಸ್ ಪ್ಲಸ್, ಆರ್‌ಡಬ್ಲ್ಯುಎಸ್ ಆರ್50. ಒಲಿಂಪಿಕ್ಸಿಗೆ ಹೋಗುವ ರೈಫಲ್‌ನವರು ಬಳಸುವ ದರ್ಜೆ. ಈಲಿಯ ಡಬ್ಬಿಯ ಮೇಲೆ ಆ ಲಾಟಿನ ವೇಗ ಕೂಡ ಅಚ್ಚಾಗಿರುತ್ತದೆ. ಅದ್ಭುತ ಗುಂಡುಗಳು, ಸಂಶಯ ಬೇಡ. ಆದರೆ ಇವು ನಿಖರತೆ ತೋರಿಸುವುದು ಬಿಗಿ ಚೇಂಬರಿನಲ್ಲಿ, 50 ಮೀಟರಿನಲ್ಲಿ. ಸಂದು ದಾಟಿ ಹಾರುವ ರಿವಾಲ್ವರ್‌ನಲ್ಲಿ ಆ ಲಾಭದ ಬಹುಪಾಲು ಬಾಗಿಲಲ್ಲೇ ಬಿದ್ದುಹೋಗುತ್ತದೆ. ನಿಮ್ಮ ಕೈ 50 ಮಿ.ಮೀ. ಒಳಗೆ ನಿಲ್ಲುತ್ತದೆ, ರಿವಾಲ್ವರಿನ ಎಲ್ಲ ಚೇಂಬರೂ ಒಂದೇ ಕಡೆ ಹೊಡೆಯುತ್ತವೆ ಅನ್ನುವ ಹಂತಕ್ಕೆ ಬಂದ ಮೇಲೆ ಒಂದು ಡಬ್ಬಿ ತಂದು ನೋಡಿ. ಅಲ್ಲಿಯವರೆಗೆ ಅದೇ ದುಡ್ಡಿಗೆ ಹಲವು ಡಬ್ಬಿ ಸ್ಟ್ಯಾಂಡರ್ಡ್ ಗುಂಡು ಹೊಡೆದರೆ ಸ್ಕೋರ್ ಜಾಸ್ತಿ ಏರುತ್ತದೆ.

ಹೈ ವೆಲಾಸಿಟಿ ಬಗ್ಗೆ ಬೇಗ ಮುಗಿಸುತ್ತೇನೆ. ಇವು ಬೇಟೆ ಮತ್ತು ತೆಂಗಿನ ಚಿಪ್ಪು ಹೊಡೆಯುವ ಖುಷಿಗೆ ರಾಶಿ ರಾಶಿ ಮಾಡಿದ ಗುಂಡು. ತಯಾರಿಕೆಯಲ್ಲಿ ಅಷ್ಟು ನಯ ಇರುವುದಿಲ್ಲ. ಒತ್ತಡ ಜಾಸ್ತಿ, ಹಾಗಾಗಿ ಹಳೆಯ ಸ್ಮಿತ್ ಅಂಡ್ ವೆಸನ್ ಮಾಡೆಲ್ 17ರಂಥ ಬಿಗಿ ಚೇಂಬರಿನ ರಿವಾಲ್ವರ್‌ಗಳಲ್ಲಿ ಖಾಲಿ ಕೇಸ್ ಅಂಟಿಕೊಂಡು ಎಜೆಕ್ಟರ್ ರಾಡನ್ನು (ಖಾಲಿ ಕೇಸ್ ಹೊರಗೆ ತಳ್ಳುವ ಕಡ್ಡಿ) ಬಡಿಯುವ ಸ್ಥಿತಿ ಬರುತ್ತದೆ. ಸಿಸಿಐ ಸ್ಟಿಂಗರ್‌ನ ಕೇಸ್ ಮಾಮೂಲಿ .22ಕ್ಕಿಂತ ಉದ್ದ, ಬಿಗಿ ಮ್ಯಾಚ್ ಚೇಂಬರಿಗೆ ಹಾಕಲೇಬೇಡಿ. ಸ್ಪರ್ಧೆಯ ನಿಯಮ ಕೂಡ ಸೀಸ ಇಲ್ಲವೇ ಅಂಥ ಮೆತ್ತನೆ ಲೋಹದ ಗುಂಡನ್ನೇ ಕೇಳುತ್ತದೆ. ಇನ್ನೊಂದು ತುದಿಯಲ್ಲಿ 60 ಗ್ರೇನಿನ ಭಾರಿ ಗುಂಡುಗಳಿವೆ. ಮಾಮೂಲಿ .22 ಬ್ಯಾರಲಿನ ಗೆರೆ 16 ಇಂಚಿಗೆ ಒಂದು ಸುತ್ತು. ಅಷ್ಟು ಉದ್ದದ ಗುಂಡನ್ನು ಆ ಸುತ್ತು ನೆಟ್ಟಗೆ ಹಿಡಿಯಲಾರದು, ಪೇಪರಿನಲ್ಲಿ ಗುಂಡು ಅಡ್ಡಡ್ಡ ಬಿದ್ದ ತೂತು ಕಾಣುತ್ತದೆ.

.22 ಶಾರ್ಟ್ ಬಗ್ಗೆಯೂ ಒಂದು ಮಾತು. ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಒಂದು ಕಾಲದಲ್ಲಿ ಶಾರ್ಟ್ ಗುಂಡೇ ರಾಜ. 2005ರ ನಿಯಮ ಬದಲಾವಣೆಯಿಂದ ಲಾಂಗ್ ರೈಫಲ್ ಬಂತು. ಹಳೆಯ ಸ್ಟಾಕ್ ಎಲ್ಲಾದರೂ ಸಿಕ್ಕರೆ ಲಾಂಗ್ ರೈಫಲ್ ರಿವಾಲ್ವರ್‌ಗೆ ಹಾಕುವ ಆಸೆ ಬೇಡ. ಕೇಸ್ ಗಿಡ್ಡ, ಅದರ ಮುಂದೆ ಚೇಂಬರಿನಲ್ಲಿ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ ಲಾಂಗ್ ರೈಫಲ್ ಹಾಕಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಪ್ಪ, ತಾತನಿಂದ ಬಂದ ರಿವಾಲ್ವರ್‌ನಲ್ಲಿ ಕೇಸ್ ಯಾಕೋ ಬಿಗಿ ಅನ್ನಿಸಿದರೆ ಮೊದಲು ಆ ಉಂಗುರ ಇದೆಯಾ ನೋಡಿ, ಹಿತ್ತಾಳೆ ಬ್ರಷ್ ಹಾಕಿ ಉಜ್ಜಿ.

ದೇಶದಲ್ಲೇ ತಯಾರಾದ .22 ಸಿಕ್ಕರೆ ಅದನ್ನೂ ಇದೇ ಸಾಲಿನಲ್ಲಿ ನಿಲ್ಲಿಸಿ. ಹೆಸರು ನೋಡಿ ತಳ್ಳಬೇಡಿ, ಹೆಸರು ನೋಡಿ ಹೊಗಳಲೂ ಬೇಡಿ. ಮುಂದೆ ಹೇಳುವ ಪರೀಕ್ಷೆ ಎಲ್ಲಕ್ಕೂ ಒಂದೇ.

ಪರೀಕ್ಷೆ ಮಾಡುವ ಬಗೆ

ಐದು ಗುಂಡು ಹೊಡೆದು, ಚೆಂದದ ಗ್ರೂಪ್ ಬಂದ ಕೂಡಲೇ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುವುದು ಪರೀಕ್ಷೆ ಅಲ್ಲ. ಐದು ಗುಂಡಿನ ಒಂದು ಗ್ರೂಪ್ ಅದೃಷ್ಟದ ಆಟ. ಅದೇ ಗುಂಡು ಮುಂದಿನ ಐದರಲ್ಲಿ ಎರಡು ಪಟ್ಟು ಅಗಲ ಕೊಡಬಹುದು.

ರಿವಾಲ್ವರ್ ಖಾಲಿ ಮಾಡಿ, ಎರಡು ಸಲ ನೋಡಿ, ಸಿಲಿಂಡರಿನ ಪಕ್ಕದಲ್ಲಿ ಪ್ರತಿ ಚೇಂಬರಿಗೂ ಮಾರ್ಕರ್ ಪೆನ್ನಿನಿಂದ ನಂಬರ್ ಹಾಕಿ. ಸಿಲಿಂಡರ್ ಮುಚ್ಚಿದಾಗ ಯಾವ ನಂಬರ್ ಮೊದಲು ಬ್ಯಾರಲಿನ ಎದುರು ಬರುತ್ತದೆ ಅನ್ನುವುದನ್ನೂ ಖಾಲಿ ಇದ್ದಾಗಲೇ ತಿಳಿದುಕೊಳ್ಳಿ. ಆರು ಚೇಂಬರಿನ ರಿವಾಲ್ವರ್ ಆದರೆ ಒಂದು ಹಾಳೆಯಲ್ಲಿ ಆರು ಸಣ್ಣ ಕಪ್ಪು ಗುರುತು. ಒಂದನೇ ಚೇಂಬರಿನ ಗುಂಡು ಒಂದನೇ ಗುರುತಿಗೆ, ಎರಡನೆಯದು ಎರಡಕ್ಕೆ, ಹೀಗೆ ಸುತ್ತಿಕೊಂಡು ಬನ್ನಿ. ಐದು ಸುತ್ತು ಮುಗಿದರೆ ಪ್ರತಿ ಗುರುತಿನಲ್ಲಿ ಐದು ತೂತು, ಒಟ್ಟು 30 ಗುಂಡು. ಒಂದು ಚೇಂಬರನ್ನು ಒಂದೇ ಸಲ ಮುಗಿಸುವುದಕ್ಕಿಂತ ಹೀಗೆ ಸುತ್ತುವುದೇ ಒಳ್ಳೆಯದು. ಕೈ ದಣಿದರೆ ಆ ದಣಿವು ಆರಕ್ಕೂ ಸಮನಾಗಿ ಹಂಚಿಹೋಗುತ್ತದೆ.

50ರ ಡಬ್ಬಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೊದಲ ಹತ್ತು ಗುಂಡು ಲೆಕ್ಕಕ್ಕಿಲ್ಲ. ಒಂದೊಂದು ಕಂಪನಿಯ ಮೇಣ ಒಂದೊಂದು ಬಗೆ, ಹೊಸ ಮೇಣ ಬ್ಯಾರಲಿಗೆ ಹತ್ತುವವರೆಗೆ ಗುಂಡು ಅಲೆಯುತ್ತದೆ. ಗುಂಡು ಬದಲಿಸಿದಾಗಲೆಲ್ಲ ಬ್ಯಾರಲಿಗೆ ಒಮ್ಮೆ ಬಟ್ಟೆ ಹಾಕಿ ಒರೆಸಿ, ಹತ್ತು ಹೊಡೆದು, ಆಮೇಲೆ ಲೆಕ್ಕ ಶುರು ಮಾಡಿ. ಉಳಿದ ಹತ್ತನ್ನು ಕೈ ಚಾಚಿ, ಸ್ಪರ್ಧೆಯ ಹಾಗೆ ನಿಂತು ಹೊಡೆಯಿರಿ. ಹತ್ತು ಚೇಂಬರಿನ ಸಿಲಿಂಡರ್ ಇದ್ದರೆ ಮೊದಲ ಹತ್ತನ್ನು ಲೆಕ್ಕಕ್ಕಿಲ್ಲದೆ ಹೊಡೆದು, ಪ್ರತಿ ಚೇಂಬರಿಗೆ ನಾಲ್ಕರಂತೆ 40.

ಬಂದೂಕನ್ನು ಬಿಗಿದು ಹಿಡಿಯುವ ಮೆಷಿನ್ ರೆಸ್ಟ್ ನಮ್ಮ ಕಡೆ ಯಾರ ಹತ್ತಿರ ಇರುತ್ತದೆ! ಮರಳು ಚೀಲ ಸಾಕು. ಎರಡೂ ಮಣಿಕಟ್ಟು ಚೀಲದ ಮೇಲೆ, ಬ್ಯಾರಲ್ ಎಲ್ಲೂ ತಾಗದ ಹಾಗೆ. ಸಿಲಿಂಡರಿನ ಮುಂದಿನ ಸಂದಿನ ಹತ್ತಿರ ಬೆರಳೂ ಬೇಡ, ಚೀಲವೂ ಬೇಡ. ಅಲ್ಲಿಂದ ಬಿಸಿ ಗ್ಯಾಸ್, ಸೀಸದ ಚೂರು ಹಾರುತ್ತದೆ. ಪಕ್ಕದಲ್ಲಿ ಯಾರನ್ನೂ ನಿಲ್ಲಿಸಬೇಡಿ. ಕನ್ನಡಕ, ಕಿವಿಗೆ ಮಫ್ ಬೇಕೇ ಬೇಕು. ಪ್ರತಿ ಗುಂಡಿಗೂ ಹ್ಯಾಮರ್ ಎಳೆದು ಸಿಂಗಲ್ ಆ್ಯಕ್ಷನ್‌ನಲ್ಲೇ ಹೊಡೆಯಿರಿ. ಎರಡು ಬಗೆ ಗುಂಡು ಹೋಲಿಸುವುದಾದರೆ ಮೊದಲು ಇದು, ಆಮೇಲೆ ಅದು, ಮತ್ತೆ ಅದು, ಕೊನೆಗೆ ಇದು. ಬೆಳಗಿನ ತಾಜಾ ಕೈ ಒಂದಕ್ಕೇ ಸಿಗಬಾರದು.

ಮನೆಗೆ ಬಂದ ಮೇಲೆ ಬಟರ್ ಪೇಪರ್ ತೆಗೆದುಕೊಳ್ಳಿ. ಆರು ಗುರುತುಗಳ ತೂತುಗಳನ್ನೂ ಒಂದರ ಮೇಲೊಂದು ಒಂದೇ ಗುರುತಿಗೆ ಸರಿಯಾಗಿ ಇಳಿಸಿ. ಸ್ಪರ್ಧೆಯಲ್ಲಿ ನಿಮಗೆ ಸಿಗುವುದು ಆ 30 ತೂತಿನ ಚಿತ್ರ, ಒಂದು ಚೇಂಬರಿನ ಚೆಂದದ ಗ್ರೂಪ್ ಅಲ್ಲ. ಆ 30ರ ನಡುಬಿಂದು ಗುರುತಿಸಿ, ಅಲ್ಲಿಂದ ಪ್ರತಿ ತೂತಿಗೆ ಎಷ್ಟು ದೂರ ಅಂತ ಅಳೆದು ಸರಾಸರಿ ತೆಗೆಯಿರಿ. ಅತಿ ದೂರದ ಎರಡು ತೂತು ಅಳೆಯುವುದಕ್ಕಿಂತ ಇದು ನಂಬಲು ಯೋಗ್ಯ, ಒಂದು ಕೆಟ್ಟ ಎಳೆತ ಇಡೀ ಲೆಕ್ಕ ಕೆಡಿಸುವುದಿಲ್ಲ. ಎರಡು ಬಗೆ ಗುಂಡಿನ ಸರಾಸರಿಯಲ್ಲಿ ಕಾಲು ಭಾಗಕ್ಕಿಂತ ಕಡಿಮೆ ವ್ಯತ್ಯಾಸ ಬಂದರೆ ಎರಡೂ ಸಮ ಅಂತಲೇ ಇಟ್ಟುಕೊಳ್ಳಿ, ಅಗ್ಗದ್ದನ್ನು ಕೊಳ್ಳಿ. 30 ಗುಂಡಿನಿಂದ ಅದಕ್ಕಿಂತ ಸಣ್ಣ ವ್ಯತ್ಯಾಸ ಹಿಡಿಯಲು ಆಗುವುದಿಲ್ಲ.

ಈಗ ಚೇಂಬರುಗಳನ್ನು ಬೇರೆ ಬೇರೆ ನೋಡಿ. ನಾಲ್ಕನೇ ಚೇಂಬರ್ ಯಾವ ಗುಂಡು ಹಾಕಿದರೂ ಎಡಕ್ಕೇ ಎಸೆಯುತ್ತದೆ ಅಂದರೆ ಗುಂಡಿನ ತಪ್ಪಲ್ಲ. ಚೇಂಬರ್ ವಾರೆ ಇರಬಹುದು, ಸಿಲಿಂಡರ್ ಲಾಕ್ ಸವೆದಿರಬಹುದು. ಒಂದೇ ಬಗೆಯ ಗುಂಡಿನಲ್ಲಿ ಮಾತ್ರ ಎಲ್ಲ ಚೇಂಬರೂ ಚದುರಿದರೆ ಅದು ಗುಂಡಿನದು. ಒಂದು ಕೆಟ್ಟ ಚೇಂಬರ್ ಇದ್ದರೂ ಗಾಬರಿ ಬೇಡ. 25 ಮೀಟರ್ ಸ್ಪರ್ಧೆಯಲ್ಲಿ ಸರಣಿ ಐದು ಗುಂಡಿನದು, ನಿಮ್ಮ ಸಿಲಿಂಡರಿನಲ್ಲಿ ಮನೆ ಆರು. ಆ ಕೆಟ್ಟ ಮನೆಯನ್ನು ಖಾಲಿ ಬಿಟ್ಟು ಉಳಿದ ಐದನ್ನು ತುಂಬಿ! ಗುಂಡು ಬದಲಿಸದೆ, ಪೈಸೆ ಖರ್ಚಿಲ್ಲದೆ ಸಿಗುವ ನಿಖರತೆ ಇದು. ತುಂಬುವಾಗ ಖಾಲಿ ಮನೆ ಕೊನೆಗೆ ಬರುವ ಹಾಗೆ ನೋಡಿಕೊಂಡರಾಯಿತು.

ಹೊತ್ತದ ಗುಂಡು

ನಿಖರತೆಗಿಂತ ಮೊದಲು ನೋಡಬೇಕಾದದ್ದು ಹೊತ್ತಿಕೊಳ್ಳುವುದು. ಒಂದು ಗುಂಡು ಹೊತ್ತದಿದ್ದರೆ ಸರಣಿಯ ಲಯವೇ ಹೋಗುತ್ತದೆ. ಕ್ಲಿಕ್ ಅಂದು ಸುಮ್ಮನಾದರೆ ರಿವಾಲ್ವರ್ ಟಾರ್ಗೆಟ್ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ತಡವಾಗಿ ಹೊತ್ತುವ ಗುಂಡೂ ಉಂಟು. ಆಮೇಲೆ ತೆಗೆದು ಅಂಚಿನ ಗುರುತು ನೋಡಿ.

ಅಂಚಿನ ತಗ್ಗು ಆಳವಾಗಿ, ಸ್ಪಷ್ಟವಾಗಿ ಇದ್ದೂ ಹೊತ್ತಿಲ್ಲ ಅಂದರೆ ಆ ಜಾಗದಲ್ಲಿ ಮದ್ದು ಇಲ್ಲ. ಅದು ಗುಂಡಿನ ದೋಷ. ತಗ್ಗು ಮಂದವಾಗಿದ್ದರೆ ನಿಮ್ಮ ರಿವಾಲ್ವರ್ ಕಡೆ ತಿರುಗಿ. ಟ್ರಿಗರ್ ಹಗುರಾಗಲಿ ಅಂತ ಯಾರೋ ಹ್ಯಾಮರಿಗೆ ಬಲ ಕೊಡುವ ಮೇನ್‌ಸ್ಪ್ರಿಂಗ್ ಸ್ಕ್ರೂ ಸಡಿಲಿಸಿದ್ದಾರೆಯೇ? 25 ಮೀಟರ್ ಪಿಸ್ಟಲ್ ನಿಯಮದಲ್ಲಿ ಟ್ರಿಗರ್ ತೂಕ ಕನಿಷ್ಠ 1,000 ಗ್ರಾಂ ಇರಲೇಬೇಕು, ಅದಕ್ಕಿಂತ ಹಗುರ ಮಾಡಿ ಲಾಭವೂ ಇಲ್ಲ. ಇನ್ನೊಂದು ಕಾರಣ ಕೊಳೆ. ಮೇಣ, ಮಸಿ ಕಟ್ಟಿದ ಚೇಂಬರಿನಲ್ಲಿ ಕಾರ್ಟ್ರಿಜ್ ಪೂರ್ತಿ ಒಳಗೆ ಕೂರುವುದಿಲ್ಲ. ಹ್ಯಾಮರಿನ ಏಟು ಅದನ್ನು ಒಳಗೆ ತಳ್ಳುವುದಕ್ಕೇ ಖರ್ಚಾಗುತ್ತದೆ. ಎರಡನೇ ಸಲ ಹೊಡೆದಾಗ ಹೊತ್ತಿತು ಅಂದರೆ ಹೆಚ್ಚಾಗಿ ಇದೇ ಕಾರಣ. ಗುಂಡು ಹಾಕಿದಾಗ ಪ್ರತಿಯೊಂದನ್ನೂ ಹೆಬ್ಬೆರಳಿನಿಂದ ಒತ್ತಿ ಕೂರಿಸುವ ಅಭ್ಯಾಸ ಒಳ್ಳೆಯದು.

ಖಾಲಿ ಕೇಸ್ ತೆಗೆಯುವಾಗ ಮೂತಿ ಆಕಾಶಕ್ಕೆ ಇರಲಿ. ಇಲ್ಲದಿದ್ದರೆ ಉರಿಯದೆ ಉಳಿದ ಮದ್ದಿನ ಕಾಳು ಎಜೆಕ್ಟರ್ ಸ್ಟಾರ್‌ನ ಕೆಳಗೆ ಸೇರುತ್ತದೆ. ಆಮೇಲೆ ಸಿಲಿಂಡರ್ ತಿರುಗುವುದೇ ಕಷ್ಟ. ಹಳೆಯ ಟೂತ್‌ಬ್ರಷ್ ಒಂದು ಕಿಟ್‌ನಲ್ಲಿ ಇಟ್ಟಿರಿ. ಯಾವ ಗುಂಡು ಎಷ್ಟು ಹೊಡೆದ ಮೇಲೆ ಚೇಂಬರ್ ಬಿಗಿಯಾಗುತ್ತದೆ ಅನ್ನುವುದನ್ನೂ ಬರೆದುಕೊಳ್ಳಿ. ಸ್ಟ್ಯಾಂಡರ್ಡ್ ಪಿಸ್ಟಲ್ ಸ್ಪರ್ಧೆ 60 ಗುಂಡಿನದು, ಅದರ ಮೇಲೆ ಅಭ್ಯಾಸದವು. ಅಷ್ಟು ಹೊಡೆಯುವವರೆಗೆ ಬ್ರಷ್ ಬೇಡದ ಗುಂಡು ನಿಮಗೆ ಬೇಕು. ನಾಲ್ಕೈದು ಮಿ.ಮೀ. ನಿಖರತೆ ಬಿಟ್ಟಾದರೂ ಇದನ್ನು ಆರಿಸುತ್ತೇನೆ ನಾನು.

ಒಂದು ಎಚ್ಚರ: ರಿಮ್‌ಫೈರ್ ರಿವಾಲ್ವರನ್ನು ಖಾಲಿ ಇಟ್ಟು ಟಕ್ ಟಕ್ ಅಂತ ಡ್ರೈ ಫೈರ್ ಮಾಡಬೇಡಿ. ಪಿನ್ ಹೋಗಿ ಚೇಂಬರಿನ ಅಂಚನ್ನೇ ಜಜ್ಜಬಹುದು. ಅಂಚು ಜಜ್ಜಿದರೆ ಗುಂಡು ಕೂರುವುದೂ ಕಷ್ಟ, ತೆಗೆಯುವುದೂ ಕಷ್ಟ. ಮನೆಯ ಅಭ್ಯಾಸಕ್ಕೆ ಮದ್ದಿಲ್ಲದ ಡಮ್ಮಿ ಗುಂಡು ಹಾಕಿಕೊಳ್ಳಿ.

ಲಾಟ್, ಕೊಳ್ಳುವುದು, ಇಡುವುದು

ಡಬ್ಬಿಯ ಮಡಿಕೆಯ ಮೇಲೆ ಲಾಟ್ ನಂಬರ್ ಇರುತ್ತದೆ. ಕೊಳ್ಳುವವರಲ್ಲಿ ಬಹಳ ಜನ ಅದನ್ನು ನೋಡುವುದೇ ಇಲ್ಲ. ಮಂಡ್ಯದ ಒಂದೇ ಆಲೆಮನೆಯ ಬೆಲ್ಲವಾದರೂ ಒಂದು ಕೊಪ್ಪರಿಗೆಯದು ಇನ್ನೊಂದರ ಹಾಗೆ ಇರುವುದಿಲ್ಲ ಅಲ್ವಾ, ಗುಂಡೂ ಹಾಗೆಯೇ. ಅದೇ ಕಂಪನಿ, ಅದೇ ಹೆಸರು, ಅದೇ ಬಣ್ಣದ ಡಬ್ಬಿ. ಲಾಟ್ ಬದಲಾದರೆ ನಿಮ್ಮ ರಿವಾಲ್ವರಿಗೆ ಅದು ಹೊಸ ಗುಂಡು. ಅದಕ್ಕೇ ಈಲಿ, ಲಾಪುವಾದಂಥ ಕಂಪನಿಗಳು ತಮ್ಮ ಪರೀಕ್ಷಾ ರೇಂಜುಗಳಲ್ಲಿ ಶೂಟರ್‌ನ ಬಂದೂಕಿಗೇ ಬೇರೆ ಬೇರೆ ಲಾಟ್ ಹಾಕಿ ನೋಡುವ ವ್ಯವಸ್ಥೆ ಮಾಡಿಕೊಂಡಿವೆ. ನಮಗೆ ಅದಕ್ಕಾಗಿ ಈಲಿ ಕಂಪನಿ ಇರುವ ಬರ್ಮಿಂಗ್‌ಹ್ಯಾಮ್‌ಗೆ ಹೋಗುವ ಅಗತ್ಯ ಇಲ್ಲ. ಎರಡು ಮೂರು ಲಾಟಿನ ಒಂದೊಂದು ಡಬ್ಬಿ ತಂದು ಮೇಲಿನ ಪರೀಕ್ಷೆ ಮಾಡಿದರೆ ಸಾಕು. ಗೆದ್ದ ಲಾಟನ್ನು ತಡಮಾಡದೆ ತಂದಿಡಿ, ಮುಂದಿನ ಸಲ ಹೋದಾಗ ಅದು ಖಾಲಿ ಆಗಿರುತ್ತದೆ.

ಎಷ್ಟು ತರಬಹುದು ಅನ್ನುವುದನ್ನು ನಿಮ್ಮ ಲೈಸೆನ್ಸ್ ಹೇಳುತ್ತದೆ. ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಅಂತ ಅದರಲ್ಲಿ ನಮೂದಾಗಿರುತ್ತದೆ, ಅಂಗಡಿಯವರು ಪ್ರತಿ ಖರೀದಿಯನ್ನೂ ಬರೆಯುತ್ತಾರೆ. ಹೆಚ್ಚು ಬೇಕಿದ್ದರೆ ಸ್ಪರ್ಧೆಯ ದಾಖಲೆ ಇಟ್ಟುಕೊಂಡು ಅರ್ಜಿ ಹಾಕಬೇಕು. ಮೈಸೂರು ನಗರದವರಿಗೆ ಪೊಲೀಸ್ ಕಮಿಷನರ್ ಕಚೇರಿ, ಮಂಡ್ಯದವರಿಗೆ ಜಿಲ್ಲಾಧಿಕಾರಿ ಕಚೇರಿ. ರೈಫಲ್ ಅಸೋಸಿಯೇಷನ್ ಸದಸ್ಯರಾಗಿದ್ದರೆ ಆಮದು ಗುಂಡಿಗೆ ಆ ದಾರಿಯನ್ನೂ ಕೇಳಿ ನೋಡಿ. ಲೆಕ್ಕ ಇಷ್ಟು ಬಿಗಿ ಇರುವುದರಿಂದಲೇ ಹತ್ತು ಬ್ರ್ಯಾಂಡ್ ಪರೀಕ್ಷೆ ಮಾಡುವ ಆಸೆ ಬಿಡಿ. ಒಂದು ಸ್ಟ್ಯಾಂಡರ್ಡ್, ಎರಡು ಪಿಸ್ಟಲ್ ಮ್ಯಾಚ್, ಅಷ್ಟರಲ್ಲೇ ಮುಗಿಸಿ. ಪರೀಕ್ಷೆಗೇ ವರ್ಷದ ಗುಂಡು ಮುಗಿದರೆ ಅಭ್ಯಾಸಕ್ಕೆ ಏನು ಉಳಿಯುತ್ತದೆ?

ಬೇಸಗೆಯಲ್ಲಿ ಬೆಂಗಳೂರು ಹೈವೇ ಪಕ್ಕ ಊಟಕ್ಕೆ ನಿಲ್ಲಿಸಿ, ಕಾರಿನ ಡಿಕ್ಕಿಯಲ್ಲಿ ಗುಂಡಿನ ಡಬ್ಬಿ ಬಿಡಬೇಡಿ. ಕಾನೂನಿಗೂ ಸರಿಯಲ್ಲ, ಗುಂಡಿಗೂ ಒಳ್ಳೆಯದಲ್ಲ. ಮುಚ್ಚಿದ ಕಾರಿನ ಬಿಸಿಗೆ ಮೇಣ ಕರಗಿ ಒಂದು ಪಕ್ಕಕ್ಕೆ ಇಳಿಯುತ್ತದೆ, ಧೂಳು ಹಿಡಿಯುತ್ತದೆ. ಆ ಧೂಳನ್ನು ಗುಂಡು ಬ್ಯಾರಲಿನೊಳಗೆ ಎಳೆದುಕೊಂಡು ಹೋಗುತ್ತದೆ. ಮನೆಯಲ್ಲಿ ತಂಪು, ಒಣ ಜಾಗದಲ್ಲಿ, ಡಬ್ಬಿಯಲ್ಲೇ, ರಿವಾಲ್ವರಿನಿಂದ ಬೇರೆ ಬೀಗ ಹಾಕಿ ಇಡಿ. ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ. ಹಸಿರು ಕಿಲುಬು ಹಿಡಿದ ಹಳೆಯ ಗುಂಡು ಸಿಕ್ಕರೆ ಪರೀಕ್ಷೆ ಮಾಡಲು ಹೋಗದೆ ಅಂಗಡಿಯವರಿಗೋ ಠಾಣೆಗೋ ಒಪ್ಪಿಸಿ. ಗುಂಡು ಮುಟ್ಟಿದ ಕೈಯಲ್ಲಿ ರೇಂಜಿನಲ್ಲಿ ವಡೆ ತಿನ್ನಬೇಡಿ. ಸೀಸ ಅದು, ಸೋಪು ಹಾಕಿ ಕೈ ತೊಳೆಯಿರಿ.

ಇನ್ನು ಚುನಾವಣೆ. ನೀತಿ ಸಂಹಿತೆ ಬಂದರೆ ಲೈಸೆನ್ಸ್ ಇರುವ ಆಯುಧ ಠಾಣೆಗೆ ಜಮಾ ಮಾಡಲು ಆದೇಶ ಬರುತ್ತದೆ. ಸ್ಪರ್ಧಿಗಳು ಅಸೋಸಿಯೇಷನ್ ಪತ್ರ ಇಟ್ಟುಕೊಂಡು ವಿನಾಯಿತಿ ಕೇಳಬಹುದು, ಆದರೆ ಅದಕ್ಕೂ ದಿನ ಹಿಡಿಯುತ್ತದೆ. ಹೊಸ ಲಾಟ್ ಪರೀಕ್ಷೆ ಮಾಡುವ ಯೋಚನೆ ಇದ್ದರೆ ಚುನಾವಣೆಯ ಸುದ್ದಿ ಶುರುವಾಗುವ ಮುಂಚೆಯೇ ಮುಗಿಸಿಬಿಡಿ. ಬಟರ್ ಪೇಪರಿನ ಮೂಲೆಯಲ್ಲಿ ತಾರೀಖು, ಲಾಟ್ ನಂಬರ್, ಚೇಂಬರಿನ ನಂಬರ್ ಬರೆದಿಟ್ಟುಕೊಳ್ಳಿ. ರಿವಾಲ್ವರ್ ವಾಪಸ್ ಬಂದ ಮೇಲೆ ಹತ್ತು ಗುಂಡು ಹೊಡೆದು, ಆ ಪೇಪರನ್ನೇ ಮೇಲಿಟ್ಟು ನೋಡಿದರೆ ಏನಾದರೂ ಬದಲಾಗಿದೆಯಾ ಗೊತ್ತಾಗುತ್ತದೆ.